ಕಲಾಯಿ ಹಾಕಿದ ತಂತಿಯೂ ಬೇಸಿಗೆಯ ಪ್ರಯಾಣವೂ

(ಕಾಮಯಗೌಂಡನ್‌ಪಟ್ಟಿಯಲ್ಲಿ ತೋಟದ ಕುಟುಂಬಗಳ ಬೇಸಿಗೆ ಕೂಟದಲ್ಲಿ ಮಾಡಿದ ಭಾಷಣ)



ಈ ಹೊತ್ತು ನಾವು ಎರಡು ಸಂಗತಿಗಳನ್ನು ಕುರಿತು ಮಾತಾಡಬೇಕೆಂದಿದ್ದೇವೆ. ಒಂದು, ಶಾಲೆಗೆ ರಜೆ ಬಿಟ್ಟ ಮೇಲೆ ಮಕ್ಕಳನ್ನು ಕಟ್ಟಿಕೊಂಡು ಹೊರಡುವ ಪ್ರಯಾಣದಲ್ಲಿ ಹಣ ಉಳಿಸುವುದು ಹೇಗೆ ಎಂಬುದು. ಇನ್ನೊಂದು, ಹಡಗಿಗೆ ಹಾಕುವ ಕರೆಂಟು ತಂತಿಯನ್ನು, ಅಂದರೆ ಅಂಗಡಿಯವರು ಮೆರೈನ್ ಕೇಬಲ್ ಎಂದು ಕರೆಯುವುದನ್ನು, ನಮ್ಮ ಮನೆಗಳಿಗೂ ಹಾಕಿಸಬೇಕೇ ಎಂಬುದು. ಬೆಟ್ಟದ ಬುಡದಲ್ಲಿ ಕೂತವರಿಗೆ ಸಮುದ್ರದ ತಂತಿಯ ಗೊಡವೆ ಯಾಕೆ ಎಂದು ಕೆಲವರು ನಗಬಹುದು. ಆದರೆ ಈ ಪ್ರಶ್ನೆ ನಾವು ಹುಟ್ಟಿಸಿದ್ದಲ್ಲ. ಕೊಚ್ಚಿಗೂ ತೂತ್ತುಕುಡಿಗೂ ಕೆಲಸಕ್ಕೆ ಹೋದ ಹುಡುಗರು ರಜೆಗೆ ಬಂದಾಗ ಚೀಲದಲ್ಲಿ ಒಂದು ತುಂಡು ತಂತಿ ತರುತ್ತಾರೆ. ‘ಅಪ್ಪಾ, ಇದನ್ನು ಹಾಕಿಸಿದರೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ’ ಅನ್ನುತ್ತಾರೆ. ತಂದೆಯಾದವನು ಬೆಲೆ ಕೇಳಿ ಸುಮ್ಮನಾಗುತ್ತಾನೆ. ತಾಯಿಯಾದವಳು, ಈ ಸಲ ಮಕ್ಕಳಿಗೆ ಸಮುದ್ರ ತೋರಿಸುತ್ತೇನೆಂದು ಹೇಳಿದ್ದೆನಲ್ಲಾ, ಆ ದುಡ್ಡಿಗೆ ಏನು ಮಾಡುವುದು ಎಂದು ಯೋಚಿಸುತ್ತಾಳೆ.

ಆದದರಿಂದ ಎರಡು ಪ್ರಶ್ನೆಗಳೂ ಒಂದೇ ಡಬ್ಬಿಯ ಹಣಕ್ಕೆ ಕೈ ಹಾಕುತ್ತವೆ. ನಾವು ವಿಚಾರಿಸಿ ನೋಡಿದ ಮಟ್ಟಿಗೆ ನಮ್ಮ ಅಭಿಪ್ರಾಯ ಇದು: ಮನೆಗೆ ಹಡಗಿನ ತಂತಿ ಬೇಡ; ಆದರೆ ಈಗ ಎಷ್ಟೋ ಮನೆಗಳಲ್ಲಿ ನೇತಾಡುತ್ತಿರುವ ತಂತಿಯೂ ಬೇಡ. ಪ್ರಯಾಣದಲ್ಲಿ ಕೈ ಬಿಗಿ ಹಿಡಿದು ಉಳಿಸಬಹುದು. ಉಳಿಸಿದ್ದನ್ನು ಮನೆಯ ತಂತಿಗೆ ಹಾಕಬಹುದು.

ಮೊದಲು ತಂತಿಯ ಮಾತು.

ನಮ್ಮ ಅವ್ವಂದಿರ ಕಾಲದಲ್ಲಿ ಊರಿಗೆ ಕಲಾಯಿಯವನು ಬರುತ್ತಿದ್ದ. ತಾಮ್ರದ, ಹಿತ್ತಾಳೆಯ ಪಾತ್ರೆಗಳನ್ನು ಬೆಂಕಿಯ ಮೇಲಿಟ್ಟು, ನವಸಾಗರ ಉಜ್ಜಿ, ತವರ ಕರಗಿಸಿ ಒಳಗೆಲ್ಲ ಬಳಿಯುತ್ತಿದ್ದ. ಪಾತ್ರೆ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಮಾಡಿದರೆ ಕಿಲುಬು ಹಿಡಿಯುತ್ತಿತ್ತು. ಆ ಹುಳಿಯನ್ನು ಬಲ್ಲವರು ಯಾರೂ ಉಣ್ಣುತ್ತಿರಲಿಲ್ಲ. ಹಡಗಿನ ತಂತಿಯ ಗುಟ್ಟು ಇದೇ. ಅದರೊಳಗಿನ ತಾಮ್ರದ ಒಂದೊಂದು ಎಳೆಗೂ ಕಲಾಯಿ ಹಾಕಿರುತ್ತಾರೆ. ಕೂದಲಿನಷ್ಟು ಸಣ್ಣ ಎಳೆಗಳು, ಒಂದೊಂದಕ್ಕೂ ತವರದ ಅಂಗಿ. ಮನೆಗೆ ಹಾಕುವ ತಂತಿಯಲ್ಲಿ ತಾಮ್ರ ಬರಿಮೈಯಲ್ಲಿ ಇರುತ್ತದೆ.

ಬರಿಮೈ ತಾಮ್ರಕ್ಕೆ ಉಪ್ಪುಗಾಳಿ ತಗುಲಿದರೆ ಏನಾಗುತ್ತದೆಂದು ತೋಟದಲ್ಲಿ ಔಷಧಿ ಹೊಡೆದವರಿಗೆ ನಾವು ಬಹಳ ವಿವರಿಸಬೇಕಾಗಿಲ್ಲ. ನಮ್ಮ ಕಣಿವೆಯ ದ್ರಾಕ್ಷಿ ಚಪ್ಪರಗಳಿಗೂ ಮೇಲಿನ ಏಲಕ್ಕಿ ತೋಟಗಳಿಗೂ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುತ್ತೀರಲ್ಲ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಆ ನೀಲಿ ಮೈಲುತುತ್ತವೂ ತಾಮ್ರದ್ದೇ. ಕಬ್ಬಿಣದ ಡ್ರಮ್ಮಿನಲ್ಲಿ ಅದನ್ನು ಕಲಸಬೇಡಿ ಎಂದು ಮೇಸ್ತ್ರಿ ಕೂಗುವುದು, ಅದು ಕಬ್ಬಿಣವನ್ನು ತಿನ್ನುತ್ತದೆ ಎಂಬುದಕ್ಕಾಗಿ. ಸುಣ್ಣ ಸಾಕಾಯಿತೋ ಇಲ್ಲವೋ ಎಂದು ನೋಡಲು ಹೊಳೆಯುವ ಚೂರಿಯನ್ನು ಅದ್ದುತ್ತೀರಿ. ಚೂರಿಯ ಮೇಲೆ ಕೆಂಪು ಕೂತರೆ ಇನ್ನೂ ಸುಣ್ಣ ಬೇಕು. ಹಾಗೆ ತಾಮ್ರವು ಒಂದು ರೂಪ ಬಿಟ್ಟು ಇನ್ನೊಂದು ರೂಪಕ್ಕೆ ಹೋಗುವುದನ್ನು ನೀವು ಕಣ್ಣಾರೆ ಕಂಡವರು. ತಂತಿಯ ತುದಿಯಲ್ಲಿ ಕಾಣುವ ಹಸಿರು ಪುಡಿ ಈ ಮೈಲುತುತ್ತದ ದಾಯಾದಿ. ನೀರೂ ಉಪ್ಪೂ ಸೇರಿ ತಾಮ್ರವನ್ನು ಹಾಗೆ ಮಾಡಿವೆ. ಆ ಪುಡಿಯಲ್ಲಿ ಕರೆಂಟು ಸರಿಯಾಗಿ ಹರಿಯುವುದಿಲ್ಲ.

ಕೆಡುಕು ತುದಿಯಲ್ಲಿ ಆರಂಭವಾಗುತ್ತದೆ, ಆದರೆ ತುದಿಯಲ್ಲಿ ನಿಲ್ಲುವುದಿಲ್ಲ. ದೀಪದ ಬತ್ತಿ ಎಣ್ಣೆಯನ್ನು ಹೀರುವ ಹಾಗೆ ಎಳೆಗಳ ನಡುವಿನ ಸಂದು ನೀರನ್ನು ಹೀರಿ ಒಳಕ್ಕೆ ಎಳೆಯುತ್ತದೆ. ಮೇಲಿನ ಹೊದಿಕೆ ಹೊಸದರಂತೆಯೇ ಕಾಣುತ್ತಿರುತ್ತದೆ. ಬಿಚ್ಚಿ ನೋಡಿದರೆ ಗೇಣುದ್ದ ಒಳಗೆ ತಾಮ್ರ ಕರ್ರಗೆ ಹೋಗಿರುತ್ತದೆ. ಕಲಾಯಿ ಹಾಕಿದ ಎಳೆಯಾದರೆ ಇದಕ್ಕೆ ಬಹುಕಾಲ ತಡೆಯುತ್ತದೆ.

ಹಡಗಿನ ತಂತಿಗೆ ಇನ್ನೂ ಎರಡು ಗುಣಗಳಿವೆ. ಎಂಜಿನ್ನು ಹಗಲು ರಾತ್ರಿ ನಡುಗುವುದರಿಂದ ದಪ್ಪ ಒಂಟಿ ತಂತಿ ಬಳಲಿ ತುಂಡಾಗುತ್ತದೆ. ಅದಕ್ಕೇ ಅದರಲ್ಲಿ ಸಣ್ಣ ಎಳೆಗಳು ಬಹಳ. ಮತ್ತೊಂದು ಹೊದಿಕೆಯದು. ನಮ್ಮ ಮನೆಯ ತಂತಿಯ ಮೇಲಿನ ಪಿ.ವಿ.ಸಿ. ಉರಿದರೆ ಕಪ್ಪು ಹೊಗೆಯೊಂದಿಗೆ ಒಂದು ಘಾಟು ಅನಿಲ ಬರುತ್ತದೆ. ಅದು ತೇವಕ್ಕೆ ಸೇರಿದರೆ ಆಮ್ಲವಾಗಿ ಕಣ್ಣನ್ನೂ ಗಂಟಲನ್ನೂ ಸುಡುತ್ತದೆ. ನಡುಸಮುದ್ರದಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ ಇರುವವನು ಹೊರಗೆ ಓಡಿ ಹೋಗುವುದಾದರೂ ಎಲ್ಲಿಗೆ? ಆದದರಿಂದ ಹೊಗೆ ಕಡಿಮೆ ಬರುವ, ಆ ಘಾಟು ಅನಿಲ ಹೊರಡಿಸದ ಹೊದಿಕೆಯನ್ನು ಹಡಗಿಗೆ ಬಳಸುತ್ತಾರೆ. ನಮ್ಮ ಬೆಟ್ಟದ ಆಚೆ ಕೊಚ್ಚಿಯಲ್ಲಿ ಕಟ್ಟಿದ ವಿಕ್ರಾಂತ್ ಯುದ್ಧನೌಕೆ 2022ರ ಸೆಪ್ಟೆಂಬರ್ 2ರಂದು ನೌಕಾಪಡೆಗೆ ಸೇರಿತು. ಅದರ ಹೊಟ್ಟೆಯಲ್ಲಿ ಎರಡು ಸಾವಿರ ಕಿಲೋಮೀಟರಿಗೂ ಮೀರಿದ ತಂತಿ ಇದೆಯೆಂದರೆ, ಅದರಲ್ಲಿ ಒಂದು ಮೊಳ ಕೆಟ್ಟರೂ ಹುಡುಕುವುದು ಎಷ್ಟು ಕಷ್ಟವೆಂದು ನೀವೇ ಎಣಿಸಿಕೊಳ್ಳಿ. ಅಂಥ ಕಡೆ ದುಬಾರಿ ತಂತಿ ಹಾಕುವುದು ದುಂದಲ್ಲ.

ಹಾಗಾದರೆ ನಮ್ಮ ಮನೆಗೆ ಯಾಕೆ ಬೇಡ? ಯಾಕಂದರೆ ನಮ್ಮ ಮನೆಗಳಲ್ಲಿ ತಂತಿ ಕೆಡುವುದು ಉಪ್ಪಿನಿಂದಲ್ಲ, ಕೈಕೆಲಸದಿಂದ. ಲೈನು ಮನೆಗಳನ್ನು ನಾವು ಹೊಕ್ಕು ನೋಡಿದ್ದೇವೆ. ಜೂನ್ ತಿಂಗಳಿಂದ ಗೋಡೆ ನೀರು ಕುಡಿದು ಊದಿಕೊಂಡಿರುತ್ತದೆ. ಆ ಗೋಡೆಯ ಮೇಲೆ ಮೊಳೆ ಹೊಡೆದು ತಂತಿ ಎಳೆದಿರುತ್ತಾರೆ. ಎರಡು ತಂತಿಗಳನ್ನು ಹಲ್ಲಿನಿಂದ ಸುಲಿದು, ಹುರಿಹೆಣೆದು, ಮೇಲೆ ಒಂದು ಸುತ್ತು ಟೇಪು. ಮೂರು ಕಾಲಿನ ಪ್ಲಗ್ಗು ಇದ್ದರೂ ಮೂರನೆಯ ಕಾಲಿಗೆ ತಂತಿಯೇ ಇಲ್ಲ. ಫ್ಯೂಸು ಪದೇ ಪದೇ ಹೋಗುತ್ತದೆಂದು ಅದಕ್ಕೆ ಒಂದು ದಪ್ಪ ತಾಮ್ರದ ಎಳೆ ಕಟ್ಟಿ, ಇನ್ನು ಹೋಗುವುದಿಲ್ಲ ಎಂದು ಸಂತೋಷ. ಇಂಥ ಮನೆಗೆ ಹಡಗಿನ ತಂತಿ ತಂದು ಹಾಕಿದರೂ ಅದೇ ಹಲ್ಲು, ಅದೇ ಟೇಪು.

ಇಲ್ಲಿ ಸ್ವಲ್ಪ ಲೆಕ್ಕ ಹೇಳುತ್ತೇವೆ, ಹೈಸ್ಕೂಲಿಗೆ ಹೋಗುವ ಮಕ್ಕಳು ಗಮನವಿಟ್ಟು ಕೇಳಲಿ. ಸಾವಿರದ ಐನೂರು ವಾಟಿನ ಒಂದು ನೀರು ಕಾಯಿಸುವ ಕೆಟಲ್ಲು ಸುಮಾರು 6.5 ಆಂಪಿಯರ್ ಕರೆಂಟು ಎಳೆಯುತ್ತದೆ. ಮೀಟರಿನಿಂದ ಮನೆ ಐವತ್ತು ಮೀಟರು ದೂರ ಎಂದುಕೊಳ್ಳಿ. ಹೋಗುವ ತಂತಿ, ಬರುವ ತಂತಿ ಸೇರಿ ನೂರು ಮೀಟರು. ಒಂದು ಚದರ ಮಿಲಿಮೀಟರಿನ ತೆಳು ತಂತಿಯಾದರೆ ಸುಮಾರು 75 ವಾಟು ತಂತಿಯಲ್ಲಿಯೇ ಬಿಸಿಯಾಗಿ ಹೋಗುತ್ತದೆ. ಹಳೆಯ ಕಾಲದ ಒಂದು ಗುಂಡು ಬಲ್ಬಿನ ಶಾಖ. ಎರಡೂವರೆ ಚದರ ಮಿಲಿಮೀಟರಿನ ತಂತಿಯಾದರೆ ಅದು 30 ವಾಟಿಗೆ ಇಳಿಯುತ್ತದೆ. ನೂರು ಮೀಟರಿನ ಉದ್ದಕ್ಕೂ ಹರಡಿದ ಶಾಖ ಕೈಗೆ ಗೊತ್ತಾಗುವುದಿಲ್ಲ. ಆದರೆ ಒಂದು ಹುಳುಕು ಜಾಯಿಂಟು ಇದ್ದರೆ ಶಾಖ ಆ ಒಂದು ಅಂಗುಲದಲ್ಲಿ ಬಂದು ಕೂರುತ್ತದೆ. ಪ್ಲಗ್ಗು ಕಂದು ತಿರುಗುವುದು, ಮೀನು ಕೊಳೆತಂಥ ವಾಸನೆ ಬರುವುದು ಅದರಿಂದಲೇ.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ಫ್ಯೂಸು ಇದೆಯಲ್ಲಾ, ಮನುಷ್ಯನನ್ನು ಅದು ಕಾಪಾಡುತ್ತದೆ ಎಂದು ನಂಬಿದವರು ಬಹಳ. ಐದು ಆಂಪಿಯರ್ ಫ್ಯೂಸು ಎಂದರೆ ಐದು ಸಾವಿರ ಮಿಲಿ ಆಂಪಿಯರ್ ದಾಟಿದ ಮೇಲೆ ಕರಗುವುದು. ಮನುಷ್ಯನ ಎದೆಯ ಮೂಲಕ ನೂರು ಮಿಲಿ ಆಂಪಿಯರ್ ಹರಿದರೂ ಪ್ರಾಣ ಹೋಗಬಹುದು. ಫ್ಯೂಸಿಗೆ ಅದು ಗೊತ್ತೇ ಆಗುವುದಿಲ್ಲ. ಅದು ತಂತಿಯ ಕಾವಲುಗಾರ, ಮನುಷ್ಯನದಲ್ಲ. ಮನುಷ್ಯನ ಕಾವಲಿಗೆ ಬೇರೆ ಸ್ವಿಚ್ಚು ಇದೆ, ಆರ್.ಸಿ.ಸಿ.ಬಿ. ಎನ್ನುತ್ತಾರೆ. ಹೋದ ಕರೆಂಟು ಹಿಂದಕ್ಕೆ ಬಂತೋ ಇಲ್ಲವೋ ಎಂದು ಅದು ನೋಡುತ್ತಲೇ ಇರುತ್ತದೆ. 30 ಮಿಲಿ ಆಂಪಿಯರ್‌ನಷ್ಟು ಬೇರೆ ದಾರಿ ಹಿಡಿದು ಸೋರಿದರೂ ಕಣ್ಣು ಮುಚ್ಚಿ ತೆರೆಯುವುದರೊಳಗೆ ಆರಿಸಿಬಿಡುತ್ತದೆ. ಕೊಳ್ಳುವಾಗ 30 ಎಂಬ ಅಂಕಿ ನೋಡಿಯೇ ಕೊಳ್ಳಿ. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಅಡಿಗೆ ಮಾಡುವ ಅಕ್ಕಂದಿರ ಜೀವಕ್ಕೆ ಹಡಗಿನ ತಂತಿಯ ಸುರುಳಿಗಿಂತ ಈ ಒಂದು ಸ್ವಿಚ್ಚು ದೊಡ್ಡ ಆಸರೆ.

ಸ್ವಂತ ಮನೆಯಿರುವವರು ಕೇಳಬೇಕಾದದ್ದು ಇಷ್ಟು: ದೀಪಕ್ಕೆ ಒಂದೂವರೆ, ದೊಡ್ಡ ಪ್ಲಗ್ಗಿಗೆ ಎರಡೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿ, ಮೇಲೆ ಐ.ಎಸ್.ಐ. ಗುರುತು ಮತ್ತು ಐ.ಎಸ್. 694 ಎಂಬ ಅಂಕಿ. ಜೊತೆಗೆ ಹಸಿರು ಬಣ್ಣದ ಅರ್ತ್ ತಂತಿ, ಅದು ನೆಲದವರೆಗೆ ನಿಜವಾಗಿ ಹೋಗಿರಬೇಕು. ಕೆಲಸಕ್ಕೆ ಲೈಸೆನ್ಸ್ ಇರುವ ವೈರ್‌ಮನ್. ಅಗ್ಗದ ಸುರುಳಿ ಸಿಕ್ಕಿತೆಂದು ಹಿಗ್ಗುವ ಮೊದಲು ಚೂರಿಯಿಂದ ಒಂದು ಎಳೆಯನ್ನು ಕೆರೆದು ನೋಡಿ. ಮೇಲೆ ಬಿಳಿ ಇದ್ದು ಒಳಗೆ ಕೆಂಪು ಕಂಡರೆ ಅದು ಕಲಾಯಿ ಹಾಕಿದ ತಾಮ್ರ, ಉತ್ತಮ. ಮೇಲೆ ಕೆಂಪು ಇದ್ದು ಒಳಗೆ ಬಿಳಿ ಕಂಡರೆ ಅದು ತಾಮ್ರದ ನೀರು ಕುಡಿಸಿದ ಅಲ್ಯೂಮಿನಿಯಂ. ಅದನ್ನು ಅಂಗಡಿಯವನ ಕೈಗೇ ಹಿಂದಕ್ಕೆ ಕೊಡಿ. ಗುಜರಿಗೆ ಬಂದ ಹಳೆಯ ಹಡಗಿನ ತಂತಿಯನ್ನೂ ಹೆಸರು ಕೇಳಿ ಕೊಳ್ಳಬೇಡಿ. ಹಡಗಿನಲ್ಲಿ ಇಪ್ಪತ್ತು ಮೂವತ್ತು ವರ್ಷ ದುಡಿದ ಹೊದಿಕೆ ಬಗ್ಗಿಸಿದರೆ ಬಿರಿಯುತ್ತದೆ.

ಬಾವಿಗೆ ಮುಳುಗು ಮೋಟಾರು ಇಳಿಸಿದ ರೈತ ಸಹೋದರರಿಗೆ ಒಂದು ಮಾತು. ಅದಕ್ಕೆ ಬೇಕಾದ ಮೂರು ಎಳೆಯ ಚಪ್ಪಟೆ ಕೇಬಲ್ಲು ಬೇರೆಯೇ ಸಿಗುತ್ತದೆ. ನೀರಿನೊಳಗೆ ಕೆಡುವುದು ಕೇಬಲ್ಲಿಗಿಂತ ಹೆಚ್ಚಾಗಿ ಅದರ ಜಾಯಿಂಟು. ಅಲ್ಲಿ ಮಾತ್ರ ಹಡಗಿನವರ ಪದ್ಧತಿಯನ್ನು ಕಲಿಯಿರಿ: ಅವರು ಹುರಿಹೆಣೆದು ಟೇಪು ಸುತ್ತುವುದಿಲ್ಲ, ತಾಮ್ರದ ಕೊಳವೆಯೊಳಗೆ ಎರಡು ತುದಿಗಳನ್ನೂ ಇಟ್ಟು ಉಪಕರಣದಿಂದ ಅದುಮುತ್ತಾರೆ, ಅದರ ಮೇಲೆ ಒಳಗೆ ಅಂಟಿರುವ ತೋಳನ್ನು ತೊಡಿಸಿ ಬಿಸಿ ಮಾಡುತ್ತಾರೆ. ಅದು ಕುಗ್ಗಿ ಮೈಗೆ ಅಂಟಿಕೊಂಡು ನೀರಿಗೆ ದಾರಿ ಕೊಡುವುದಿಲ್ಲ. ತೋಳಿಗೆ ಆಗುವ ಖರ್ಚು ಅಲ್ಪ.

ಲೈನಿನಲ್ಲಿ ಇರುವವರ ಸಂಗತಿ ಬೇರೆ. ಆ ಮನೆ ನಿಮ್ಮದಲ್ಲ, ಅದರ ತಂತಿಯೂ ನಿಮ್ಮದಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆಯು ವಸತಿ ಕಟ್ಟಿಸಿ ಅದನ್ನು ಸರಿಯಾಗಿ ಇಡುವ ಹೊಣೆಯನ್ನು ತೋಟದ ಯಜಮಾನರ ಮೇಲೆ ಹೊರಿಸಿತ್ತು. ಅದರ ಜಾಗಕ್ಕೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯೂ ತೋಟದ ಕೆಲಸಗಾರರ ವಸತಿಯನ್ನು ಯಜಮಾನರ ಹೊಣೆಯೆಂದೇ ಹೇಳುತ್ತದೆ. ಆದದರಿಂದ ಗೋಡೆ ಮುಟ್ಟಿದರೆ ಜುಮ್ಮೆನ್ನುವ ಮನೆಯಲ್ಲಿ ನೀವೇ ಏಣಿ ಹಾಕಿ ಹತ್ತಬೇಡಿ; ಹತ್ತು ಮನೆಯವರು ಸೇರಿ ಅರ್ಜಿ ಬರೆದು ಆಫೀಸಿಗೆ ಕೊಟ್ಟು, ನಕಲಿನ ಮೇಲೆ ರುಜು ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ರೈಟರಿಗೆ ಹೇಳಿದ್ದು ಮಳೆ ಬರುವುದರೊಳಗೆ ಮರೆತುಹೋಗುತ್ತದೆ.

ಇನ್ನು ಪ್ರಯಾಣದ ಮಾತಿಗೆ ಬರೋಣ. ಸ್ವಂತ ಮನೆಯ ಸ್ವಿಚ್ಚಿಗೂ ಅರ್ತ್ ತಂತಿಗೂ ಬೇಕಾದ ಹಣ ಇಲ್ಲಿಂದ ಬರಬೇಕು.

ಖರ್ಚನ್ನು ರೂಪಾಯಿಯಲ್ಲಿ ಬರೆಯಬೇಡಿ, ಕೂಲಿಯ ದಿನಗಳಲ್ಲಿ ಬರೆಯಿರಿ. ವ್ಯಾನಿಗೆ ಇಷ್ಟು ಸಾವಿರ ಎಂದರೆ ಮನಸ್ಸಿಗೆ ನಾಟುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಬೆನ್ನು ಬಗ್ಗಿಸಿ ಎಷ್ಟು ದಿನ ಏಲಕ್ಕಿ ಬಿಡಿಸಬೇಕು ಎಂದು ಬರೆದರೆ ನಾಟುತ್ತದೆ. ಹೀಗೆ ಬರೆದ ಮೇಲೆಯೂ ಹೋಗಬೇಕೆನಿಸಿದರೆ ಹೋಗಿ. ಮಕ್ಕಳು ಸಮುದ್ರ ನೋಡುವುದು ದುಂದು ಎಂದು ಹೇಳುವವರ ಗುಂಪಿಗೆ ನಾವು ಸೇರಿದವರಲ್ಲ. ವರ್ಷವೆಲ್ಲ ಮಂಜಿನಲ್ಲಿ ಕೂತ ಮಗುವಿಗೆ ಒಂದು ದಿನ ಅಲೆ ಬೇಕು.

ಸಾಲ ಮಾಡಿ ಮಾತ್ರ ಹೋಗಬೇಡಿ. ತಂಡಲ್ ಎಂದು ಕೊಡುತ್ತಾರಲ್ಲ, ಹತ್ತು ಸಾವಿರ ಎಂದು ಬರೆದುಕೊಂಡು ಒಂಬತ್ತು ಸಾವಿರ ಕೈಗೆ ಕೊಟ್ಟು, ವಾರಕ್ಕೆ ಸಾವಿರದಂತೆ ಹತ್ತು ವಾರ ವಸೂಲು ಮಾಡುವುದು. ಕೇಳುವುದಕ್ಕೆ ನೂರಕ್ಕೆ ಹತ್ತು ಬಡ್ಡಿ ಎಂದು ತೋರುತ್ತದೆ. ಆದರೆ ಮೊದಲ ವಾರದಿಂದಲೇ ನೀವು ಅಸಲನ್ನು ಹಿಂದಕ್ಕೆ ಕೊಡುತ್ತಾ ಬಂದಿರುತ್ತೀರಿ. ಸರಿಯಾಗಿ ಲೆಕ್ಕ ಹಾಕಿದರೆ ಅದು ವರ್ಷಕ್ಕೆ ನೂರು ರೂಪಾಯಿಗೆ ನೂರು ರೂಪಾಯಿ ಬಡ್ಡಿ. ಎರಡು ದಿನದ ಸಮುದ್ರಕ್ಕೆ ಎರಡೂವರೆ ತಿಂಗಳು ಬಾಗಿಲಿಗೆ ಬರುವವನ ಮುಖ ನೋಡಬೇಕು.

ಸಮುದ್ರ ಎಂದರೆ ನಮ್ಮವರ ಬಾಯಲ್ಲಿ ವೇಲಾಂಗಣ್ಣಿ, ಇಲ್ಲವೆ ರಾಮೇಶ್ವರ. ರಾಮೇಶ್ವರ ನಮಗೆ ಹತ್ತಿರ. ಕಂಬದಿಂದ ಬಸ್ಸಿನಲ್ಲಿ ತೇನಿಗೆ ಹೋದರೆ ಅಲ್ಲಿಂದ ರೈಲು ಇದೆ. ಬೋಡಿನಾಯಕನೂರಿಗೂ ಮಧುರೆಗೂ ನಡುವಿನ ಈ ತೊಂಬತ್ತು ಕಿಲೋಮೀಟರ್ ಹಾದಿ 1928ರಲ್ಲಿ ಆದದ್ದು. ಅಗಲ ಹಳಿ ಹಾಕುತ್ತೇವೆಂದು 2010ರ ಕೊನೆಗೆ ನಿಲ್ಲಿಸಿದವರು ತೇನಿಗೆ ಗಾಡಿ ಬಿಟ್ಟದ್ದು 2022ರ ಮೇ ತಿಂಗಳಲ್ಲಿ, ಬೋಡಿಗೆ 2023ರ ಜೂನ್ 15ರಂದು. ಹನ್ನೆರಡು ವರ್ಷ ಬಸ್ಸಿಗೆ ಒಗ್ಗಿದ ನಮ್ಮ ಜನ ಇನ್ನೂ ರೈಲನ್ನು ನೆನಸಿಕೊಳ್ಳುವುದಿಲ್ಲ. ಕುಟುಂಬದೊಂದಿಗೆ ಹೋಗುವವರಿಗೆ ರಿಸರ್ವೇಷನ್ ಇಲ್ಲದ ರೈಲಿನಷ್ಟು ಅಗ್ಗ ಬೇರೊಂದಿಲ್ಲ.

ರೈಲಿನಲ್ಲಿ ಉಳಿಸುವ ಒಂದು ಉಪಾಯವನ್ನು ಬಹುಮಂದಿ ಅರಿಯರು. ರೈಲಿನ ದರ ದೂರ ಹೆಚ್ಚಿದ ಹಾಗೆ ಕಿಲೋಮೀಟರಿಗೆ ಇಳಿಯುತ್ತಾ ಹೋಗುತ್ತದೆ. ಆದದರಿಂದ ಮಧುರೆಗೆ ಒಂದು ಚೀಟಿ, ಅಲ್ಲಿ ಇಳಿದು ಮತ್ತೆ ಒಂದು ಚೀಟಿ ಎನ್ನುವುದಕ್ಕಿಂತ, ತೇನಿಯಲ್ಲಿಯೇ ಕೌಂಟರಿನಲ್ಲಿ ಕೇಳಿ ರಾಮೇಶ್ವರದವರೆಗೆ ಒಂದೇ ಚೀಟಿ ತೆಗೆದುಕೊಳ್ಳುವುದು ಲಾಭ. ಐದು ವರ್ಷ ತುಂಬದ ಮಗುವಿಗೆ ಚೀಟಿ ಬೇಡ. ಐದರಿಂದ ಹನ್ನೆರಡರೊಳಗಿನವರಿಗೆ ಅರ್ಧ. ಆದರೆ ರಿಸರ್ವ್ ಮಾಡಿ ಮಗುವಿಗೆ ಬೇರೆ ಮಲಗುವ ಜಾಗ ಬೇಕೆಂದರೆ 2016ರ ಏಪ್ರಿಲ್‌ನಿಂದ ಪೂರ್ತಿ ದರ. ಮಡಿಲಲ್ಲಿ ಮಲಗಿಸಿಕೊಳ್ಳುವವರು ಅರ್ಧವನ್ನೇ ಕೇಳಲಿ. ವಯಸ್ಸಾದವರಿಗೆ ಇದ್ದ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ನಿಲ್ಲಿಸಿದರು; ತಾತನ ಲೆಕ್ಕವನ್ನು ಪೂರ್ತಿಯಾಗಿಯೇ ಬರೆದುಕೊಳ್ಳಿ. ಮೊದಲು ನಾಲ್ಕು ತಿಂಗಳಿಗೆ ಮುಂಚೆ ಸ್ಥಳ ಕಾದಿರಿಸಬಹುದಿತ್ತು; 2024ರ ನವೆಂಬರ್‌ನಿಂದ ಅದು ಅರುವತ್ತು ದಿನ. ಎರಡನೆಯ ತರಗತಿಯಲ್ಲಿ ಒಬ್ಬರಿಗೆ 35 ಕಿಲೋ ಸಾಮಾನು ಹಣವಿಲ್ಲದೆ ಒಯ್ಯಬಹುದು.

ಬಸ್ಸಿನ ವಿಚಾರ. ತಮಿಳುನಾಡಿನಲ್ಲಿ 2021ರ ಮೇ ತಿಂಗಳಿಂದ ಸಾಧಾರಣ ಟೌನ್ ಬಸ್ಸುಗಳಲ್ಲಿ ಹೆಂಗಸರಿಗೆ ಚೀಟಿಯ ಹಣ ತೆಗೆದುಹಾಕಿದರು. ಅದು ಟೌನ್ ಬಸ್ಸಿಗೆ ಮಾತ್ರ, ದೂರದ ಬಸ್ಸಿಗಲ್ಲ. ಕರ್ನಾಟಕದಲ್ಲಿ ಬಳಗ ಇರುವವರು ಅಲ್ಲಿಯ ಶಕ್ತಿ ಯೋಜನೆಯ ಮಾತು ಕೇಳಿರುತ್ತೀರಿ. 2023ರ ಜೂನ್ 11ರಂದು ಆರಂಭವಾದದ್ದು. ನಾವೂ ಮನೆಯಲ್ಲಿ ಕನ್ನಡ ಆಡುವವರೇ, ಆದರೆ ಆ ಸವಲತ್ತು ಅಲ್ಲಿ ವಾಸವಾಗಿರುವ ಹೆಂಗಸರಿಗೆ. ಕಂಡಕ್ಟರು ಕೇಳುವುದು ನಾಲಿಗೆಯನ್ನಲ್ಲ, ವಿಳಾಸವನ್ನು. ಕೈಯಲ್ಲಿ ಚೀಟಿಯ ಕಾಸು ಇಟ್ಟುಕೊಂಡೇ ಹೊರಡಿ.

ಊಟ ಕಟ್ಟಿಕೊಂಡು ಹೋಗಿ. ಹುಣಿಸೆ ಅನ್ನ, ನಿಂಬೆ ಅನ್ನ, ಚಪಾತಿ ಒಂದು ದಿನ ತಡೆಯುತ್ತವೆ. ಮೊಸರನ್ನ ಬೇಸಿಗೆಯಲ್ಲಿ ಮಧ್ಯಾಹ್ನಕ್ಕೇ ಹುಳಿಯುತ್ತದೆ. ನೀರು ಮನೆಯಿಂದಲೇ.

ಉಳಿಸಬೇಕೆಂದು ಹೊರಟವರು ಪ್ರಾಣಕ್ಕೆ ತಂದುಕೊಳ್ಳುವ ಮೂರು ಉಳಿತಾಯಗಳಿವೆ. ಇವನ್ನು ಕುರಿತು ನಾವು ಕಟುವಾಗಿಯೇ ಹೇಳಬೇಕಾಗಿದೆ.

ಮೊದಲನೆಯದು ದಾರಿಯಲ್ಲಿ ಒಲೆ ಹಚ್ಚುವುದು. 2023ರ ಆಗಸ್ಟ್ 26ರ ಬೆಳಗಿನ ಜಾವ ನಮ್ಮ ಮಧುರೆಯಲ್ಲಿಯೇ, ಉತ್ತರ ಪ್ರದೇಶದಿಂದ ಯಾತ್ರೆಗೆ ಬಂದವರ ಬೋಗಿಗೆ ಬೆಂಕಿ ಬಿದ್ದು ಒಂಬತ್ತು ಮಂದಿ ತೀರಿಹೋದರು. ಗುಟ್ಟಾಗಿ ಒಳಗೆ ತಂದಿದ್ದ ಗ್ಯಾಸ್ ಸಿಲಿಂಡರು ಅದಕ್ಕೆ ಕಾರಣವೆಂದು ರೈಲ್ವೆಯವರು ಹೇಳಿದರು. ಹೋಟೆಲಿನ ಖರ್ಚು ಉಳಿಯಲಿ ಎಂದು ಸಣ್ಣ ಸಿಲಿಂಡರನ್ನು ಬಟ್ಟೆಯ ಗಂಟಿನಲ್ಲಿ ಸುತ್ತುವವರು ನಮ್ಮಲ್ಲಿಯೂ ಇದ್ದಾರೆ. ಸೀಮೆಎಣ್ಣೆ ಸ್ಟೌ ಆದರೂ ಅಷ್ಟೆ. ಕೆಲವರು ಉಪಾಯ ಮಾಡಿ ಕರೆಂಟು ಕೆಟಲ್ಲು ಒಯ್ಯುತ್ತಾರೆ, ಬೋಗಿಯಲ್ಲಿ ಫೋನಿಗೆಂದು ಇಟ್ಟ ಪ್ಲಗ್ಗಿಗೆ ಸಿಕ್ಕಿಸಿ ಹಾಲು ಕಾಯಿಸುತ್ತಾರೆ. ಆಗಲೇ ಹೇಳಿದ ಲೆಕ್ಕವನ್ನು ನೆನಸಿಕೊಳ್ಳಿ. ಫೋನು ಎಳೆಯುವುದು ಹತ್ತಿಪ್ಪತ್ತು ವಾಟು, ಕೆಟಲ್ಲು ಸಾವಿರದ ಐನೂರು. ಆ ತಂತಿ ಫೋನಿಗೆ ಹಾಕಿದ್ದು. ಅದು ಬಿಸಿಯಾಗುವುದು ಬೋಗಿಯ ಗೋಡೆಯ ಒಳಗೆ, ನಿಮ್ಮ ಕಣ್ಣಿಗೆ ಕಾಣದೆ. ಈ ಕಾರಣದಿಂದಲೇ 2021ರಲ್ಲಿ ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ ಆ ಪ್ಲಗ್ಗುಗಳನ್ನು ಆರಿಸಿಡಬೇಕೆಂದು ರೈಲ್ವೆಯವರು ಆಜ್ಞೆ ಮಾಡಿದರು.

ಎರಡನೆಯದು ಒಂದು ವಾಹನಕ್ಕೆ ಎರಡು ವಾಹನದ ಜನ. ಬೆಳಗ್ಗೆ ತೋಟಕ್ಕೆ ಹತ್ತುವ ಜೀಪಿನಲ್ಲಿ ನೇತಾಡಿ ಅಭ್ಯಾಸವಾದ ನಮಗೆ ಇದು ತಪ್ಪೆಂದೇ ತೋರುವುದಿಲ್ಲ. 2022ರ ಡಿಸೆಂಬರ್‌ನಲ್ಲಿ ಕುಮಳಿ ಘಾಟಿಯಲ್ಲಿ ಶಬರಿಮಲೆಯಿಂದ ಹಿಂದಿರುಗುತ್ತಿದ್ದ ನಮ್ಮ ತೇನಿ ಜಿಲ್ಲೆಯವರ ಕಾರು ಕಮರಿಗೆ ಉರುಳಿ ಎಂಟು ಮಂದಿ ತೀರಿಕೊಂಡದ್ದು ನಿಮಗೆಲ್ಲ ಗೊತ್ತು. ಅದು ಯಾವ ಕಾರಣದಿಂದಲೇ ಆಗಿರಲಿ, ಆ ತಿರುವುಗಳಲ್ಲಿ ತೂಕ ಹೆಚ್ಚಾದ ವಾಹನಕ್ಕೆ ಬ್ರೇಕು ಸಾಲದು. ಬೋಡಿಮೆಟ್ಟಿನ ಹದಿನೇಳು ತಿರುವುಗಳಿಗೂ ಇದೇ ಮಾತು.

ಮೂರನೆಯದು ದೋಣಿ. ತೇಕ್ಕಡಿ ನಮಗೆ ಒಂದು ಗಳಿಗೆಯ ದಾರಿ, ರಜೆಯಲ್ಲಿ ನೆಂಟರು ಬಂದರೆ ಮೊದಲು ಕರೆದೊಯ್ಯುವುದು ಅಲ್ಲಿಗೆ. 2009ರ ಸೆಪ್ಟೆಂಬರ್ 30ರಂದು ಜಲಕನ್ಯಕಾ ಎಂಬ ದೋಣಿ ಅಲ್ಲಿ ಮಗುಚಿ 45 ಮಂದಿ ನೀರುಪಾಲಾದರು. ಕಾಡುಪ್ರಾಣಿ ಕಂಡಿತೆಂದು ಮೇಲಂತಸ್ತಿನ ಜನ ಒಂದೇ ಮಗ್ಗುಲಿಗೆ ಧಾವಿಸಿದಾಗ ಅದು ವಾಲಿತೆಂದು ಅಂದಿನ ವರದಿಗಳು ಹೇಳಿದವು. ದೋಣಿಯಲ್ಲಿ ಕೊಟ್ಟ ಜಾಕೀಟನ್ನು ಸೆಖೆ ಎಂದು ಬಿಚ್ಚಬೇಡಿ, ಆನೆ ಕಂಡರೂ ಕೂತಲ್ಲಿಂದ ಏಳಬೇಡಿ. ಚೀಟಿ ಅಗ್ಗವೆಂದು ಯಾರೋ ಕರೆಯುವ ಗುರುತಿಲ್ಲದ ದೋಣಿಗೆ ಮಕ್ಕಳನ್ನು ಹತ್ತಿಸಬೇಡಿ.

ರಾಮೇಶ್ವರಕ್ಕೆ ಹೋಗುವವರು ಪಾಂಬನ್ ದಾಟುವಾಗ ಕಿಟಕಿಯ ಪಕ್ಕ ಮಕ್ಕಳನ್ನು ಕೂರಿಸಿ. 1914ರ ಹಳೆಯ ಸೇತುವೆಯ ಮೇಲೆ ರೈಲನ್ನು 2022ರ ಡಿಸೆಂಬರ್‌ನಲ್ಲಿ ನಿಲ್ಲಿಸಿದರು. ನಡುಭಾಗ ಮೇಲಕ್ಕೆ ಏಳುವ ಹೊಸ ಸೇತುವೆಯನ್ನು 2025ರ ಏಪ್ರಿಲ್ 6ರಂದು ತೆರೆದರು. ಆ ಉಪ್ಪುಗಾಳಿಗೆ ಹೆದರಿ ಹೊಸದಕ್ಕೆ ತುಕ್ಕು ಹಿಡಿಯದ ಉಕ್ಕಿನ ಸರಳು, ವಿಶೇಷ ಬಣ್ಣ ಎಲ್ಲ ಬಳಸಿದ್ದಾರೆ. ದಡದಲ್ಲಿ ಮೀನುದೋಣಿಗಳು ಸಾಲಾಗಿ ನಿಂತಿರುತ್ತವೆ. ದೀಪದ ಕಂಬಕ್ಕೆ ಹೋಗುವ ತಂತಿಯ ತುದಿಯನ್ನು ಮಕ್ಕಳಿಗೆ ತೋರಿಸಿ, ಬಿಳಿಯೋ ಹಸಿರೋ ಎಂದು ಅವರೇ ಹೇಳಲಿ. ಮುಟ್ಟುವುದು ಬೇಡ.

ಹೊರಡುವ ದಿನ ಮನೆಯ ಮೇನ್ ಸ್ವಿಚ್ಚನ್ನು ಕೆಳಗಿಳಿಸಿ. ಬೇಸಿಗೆಯ ಗುಡುಗು ಮಳೆಗೆ ಟಿ.ವಿ. ಸುಡುವುದು ನಮ್ಮ ಕಣಿವೆಯಲ್ಲಿ ಹೊಸದಲ್ಲ. ಅದರ ಪ್ಲಗ್ಗನ್ನೂ ಕೇಬಲ್ಲಿನ ತಂತಿಯನ್ನೂ ಎರಡನ್ನೂ ಕಿತ್ತಿಡಿ. ಬೀಗದ ಕೈ ಪಕ್ಕದ ಮನೆಯ ಅಕ್ಕನ ಹತ್ತಿರ ಇರಲಿ.

ಲೈನುಗಳಿಂದ ಬಂದವರು ಇಲ್ಲಿಂದ ಎದ್ದು ಹೋಗುವ ಮುನ್ನ ಬಾಗಿಲ ಹತ್ತಿರ ಇಟ್ಟಿರುವ ಪುಸ್ತಕದಲ್ಲಿ ನಿಮ್ಮ ತೋಟ, ಲೈನು, ಮನೆಯ ನಂಬರು ಬರೆಸಿ ಹೋಗಿ. ಯಾವ ಮನೆಯ ಗೋಡೆ ಜುಮ್ಮೆನ್ನುತ್ತದೆ, ಯಾವ ಪ್ಲಗ್ಗು ಕಂದಾಗಿದೆ, ಎಲ್ಲಿ ಅರ್ತ್ ಇಲ್ಲ ಎಂದು ಅದರಲ್ಲಿಯೇ ಹೇಳಿ. ಬರೆಯಲು ಬಾರದವರಿಗೆ ನಮ್ಮ ಹುಡುಗಿಯರು ಬರೆದುಕೊಡುತ್ತಾರೆ. ತೋಟಕ್ಕೊಂದರಂತೆ ಅರ್ಜಿ ತಯಾರು ಮಾಡುತ್ತೇವೆ. ಅವು ಮೇ ತಿಂಗಳು ಮುಗಿಯುವುದರೊಳಗೆ ಆಫೀಸುಗಳಿಗೆ ಮುಟ್ಟಬೇಕು, ಜೂನ್ ಮೊದಲ ವಾರಕ್ಕೆ ಗೋಡೆಗಳು ಮತ್ತೆ ನೆನೆಯಲು ಆರಂಭಿಸುತ್ತವೆ.